ಗೋಲ್‌ಕೀಪರನ ಅಕ್ಕ ಯಾರೂ ಅಲ್ಲವೇ?

ರಾಷ್ಟ್ರೀಯ ಕಿರಿಯರ ಫುಟ್‌ಬಾಲ್ ತಂಡದ ಕಾರ್ಯದರ್ಶಿಗಳಿಗೆ

ಮಾನ್ಯರೇ,

ನನ್ನ ತಮ್ಮ ಹೇಗಿದ್ದಾನೆ? ಇಷ್ಟನ್ನು ಕೇಳಿ ನಿಮ್ಮ ಕಚೇರಿಗೆ ಬರೆದು ಸೋತು, ಈಗ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಮನೆಯ ಮಾತನ್ನು ಬೀದಿಗೆ ತರುವ ಅಭ್ಯಾಸ ನಮ್ಮಲ್ಲಿರಲಿಲ್ಲ, ಓದುಗರು ಕ್ಷಮಿಸಬೇಕು.

ಕಲ್ಕತ್ತೆಯ ನಿಮ್ಮ ಶಿಬಿರದಲ್ಲಿ ನಡೆದ ಅಭ್ಯಾಸದ ಪಂದ್ಯದಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಚೆಂಡಿಗೆ ಎರಗುವಾಗ ತಲೆಗೆ ಪೆಟ್ಟಾಗಿ ಅವನನ್ನು ಹೊತ್ತೊಯ್ಯಬೇಕಾಯಿತು ಎಂದು ಇದೇ ಪತ್ರಿಕೆ ಹೋದ ತಿಂಗಳು ಬರೆಯಿತು. ಮುಂದಿನ ವಾಕ್ಯದಲ್ಲಿ ಅವನ ಜಾಗಕ್ಕೆ ಬಂದ ಹುಡುಗನ ಗುಣಗಾನವಿತ್ತು. ಹೊತ್ತೊಯ್ದವರು ಅವನನ್ನು ಎಲ್ಲಿ ಇಳಿಸಿದರು? ಗೆರೆ ದಾಟಿ ಹೋದವನ ಗೊಡವೆ ಆಟದ ಪುಟಕ್ಕೆ ಇಲ್ಲವೆಂದು ತೋರುತ್ತದೆ. ವಾರಕ್ಕೊಮ್ಮೆ ಬರುತ್ತಿದ್ದ ಅವನ ಕಾಗದವೂ ಅಂದಿನಿಂದ ನಿಂತಿದೆ.

ನಿಮ್ಮ ಕಚೇರಿ ಉತ್ತರಿಸಲಿಲ್ಲ ಎನ್ನಲಾರೆ. 'ಆಟಗಾರನ ಸ್ಥಿತಿಯನ್ನು ಆತನ ತಂದೆಯವರಿಗೆ ತಿಳಿಸಲಾಗಿದೆ. ಇತರರ ವಿಚಾರಣೆಗೆ ಉತ್ತರಿಸುವ ಪದ್ಧತಿಯಿಲ್ಲ' ಎಂದು ಬಂತು. ಮಾನ್ಯರೇ, ನಮ್ಮ ತಂದೆ ಸಿದ್ದಬಸಪ್ಪನವರು ಲಿಂಗೈಕ್ಯರಾದಾಗ ನನ್ನ ತಮ್ಮ ರುದ್ರಮುನಿ ಒಂಬತ್ತು ವರ್ಷದವನು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಅಂದಿನಿಂದ ಅವನಿಗೆ ನಾನು, ನನಗೆ ಅವನು.

ಇದು ಹೇಗಾಯಿತೆಂದೂ ನನಗೆ ಗೊತ್ತು. ಅವನು ತಂಡಕ್ಕೆ ಆಯ್ಕೆಯಾದಾಗ ನಿಮ್ಮವರೊಬ್ಬರು ಒಪ್ಪಿಗೆ ಪಡೆಯಲು ಮನೆಗೆ ಬಂದರು. ಕಾಫಿ ಕುಡಿದು, ಹಿರಿಯರು ಯಾರೆಂದು ಕೇಳಿದರು. ನಾನೇ ಎಂದೆ. ನನ್ನ ಯಜಮಾನರು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾರೆ, ಬೇಕಾದರೆ ಕರೆಸುತ್ತೇನೆ ಎಂದೆ. ಭಾವ ನಡೆಯುವುದಿಲ್ಲವಂತೆ. ಗೋಡೆಯ ಮೇಲಿದ್ದ ನಮ್ಮ ತಂದೆಯವರ ಪಟ ಅವರ ಕಣ್ಣಿಗೆ ಬಿತ್ತು.

"ಇವರ ಹೆಸರೇನಮ್ಮ?"

"ಅವರು ತೀರ್ಕೊಂಡಿದಾರೆ. ನಾನು ಬಿ.ಎ. ಮಾಡಿದೀನಿ, ನಾನೇ ರುಜು ಹಾಕ್ತೀನಿ."

"ನಿಮಗೆ ರುಜು ಬರಲ್ಲ ಅಂದ್ನೇ ತಾಯಿ? ಹೆಣ್ಣುಮಕ್ಕಳದು ನಡೆಯಲ್ಲ. ತಂದೆ ಹೆಸರು ಒಂದಿದ್ರೆ ಸಾಕು. ಇದಾರೋ ಇಲ್ವೋ ಯಾರು ಕೇಳ್ತಾರೆ?"

ಬಾಗಿಲ ಬಳಿ ನಿಂತ ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ಹೆಸರು ಹೇಳಿದೆ, ಅವರು ಬರೆದುಕೊಂಡರು. ಯಾರು ಕೇಳುತ್ತಾರೆ ಎಂದಿರಲ್ಲ, ಈಗ ನಾನು ಕೇಳುತ್ತಿದ್ದೇನೆ.

ಅವನನ್ನು ಗೋಲ್‌ಕೀಪರ್ ಮಾಡಿದ್ದು ನಿಮ್ಮ ಶಿಬಿರವೆಂದುಕೊಂಡಿದ್ದೀರಾ? ಕಾಲೇಜಿನಿಂದ ಬಂದವಳೇ ಸೆರಗು ಸಿಕ್ಕಿಸಿ, ಬಾವಿಕಟ್ಟೆಯ ಪಕ್ಕ ನಿಂತು ಅವನಿಗೆ ಚೆಂಡು ಎಸೆದವಳು ನಾನು. ನನಗೆ ಕೈ ಬಿಡುವಿಲ್ಲದಾಗ ಹಿತ್ತಿಲ ಗೋಡೆಗೆ ಎಸೆದು ತಾನೇ ಹಿಡಿಯುತ್ತಿದ್ದ. ನನ್ನ ಮಗಳು ಹುಟ್ಟಿದಾಗಿನಿಂದ ಮಲಗಿದ್ದು ಆ ದಬದಬ ಸದ್ದಿಗೇ. ಈಗ ಅವಳು ರಚ್ಚೆ ಹಿಡಿದಾಗ ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವನ ಹಳೆಯ ಚೆಂಡನ್ನು ಗೋಡೆಗೆ ಎಸೆಯುತ್ತೇನೆ. ಮೊನ್ನೆ ಪಕ್ಕದ ಮನೆಯ ಶೈಲಜಮ್ಮನವರು ಕಾಂಪೌಂಡಿನಾಚೆಯಿಂದ ಇಣುಕಿ, "ಏನ್ರೀ ಸರ್ವಮಂಗಳಾ, ನಿಮ್ಮನ್ನೂ ದೇಶಕ್ಕೆ ಆಡಕ್ಕೆ ಕರೆದ್ರಾ?" ಎಂದರು. ನಾನೂ ನಕ್ಕೆ. ಮಗು ಮಲಗುತ್ತದೆ, ನನಗೆ ನಿದ್ದೆಯಿಲ್ಲ. ಹಿಡಿಯುವವರಿಲ್ಲದ ಚೆಂಡು ಉರುಳಿಕೊಂಡು ನನ್ನ ಕಾಲ ಬಳಿಗೇ ಬರುತ್ತದೆ.

ಪರದೇಶದ ಪಂದ್ಯಗಳಿಗೆ ಹೊರಡುವ ಮುನ್ನ ಹುಡುಗರನ್ನು ಮನೆಗೆ ಕಳಿಸಿಕೊಡುತ್ತೇವೆ ಎಂದಿದ್ದಿರಿ. ಅದನ್ನು ನಂಬಿ ಮಗುವಿಗೆ ಕಿವಿ ಚುಚ್ಚಿಸಲು ದಿನ ಗೊತ್ತುಮಾಡಿದ್ದೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ನಮ್ಮ ರೂಢಿ. ಅಕ್ಕಸಾಲಿ ಮರಿಯಣ್ಣ ಬಂದು, ಕಾದು, "ಬೇರೆ ಯಾರಾದ್ರೂ ಕೂತ್ಕೊಳ್ಲಿ ಬಿಡಿ ಅಮ್ಮಾ, ಕಿವಿಗೇನು ಗೊತ್ತಾಗುತ್ತೆ?" ಎಂದ. ಅವನನ್ನು ವಾಪಸು ಕಳಿಸಿದೆ. ಪದ್ಧತಿ ಇರುವುದು ನಿಮಗೊಬ್ಬರಿಗೇ ಅಲ್ಲ. ನಿಮ್ಮದಕ್ಕೆ ಇಲ್ಲದ ತಂದೆ ಸಾಕು. ನಮ್ಮದಕ್ಕೆ ಇರುವ ಮಾವನೇ ಬೇಕು.

ಗೆದ್ದು ಬಂದರೆ ಈ ಹುಡುಗರು ಭಾರತಮಾತೆಯ ಮಕ್ಕಳು. ಹಾರ, ಭಾಷಣ, ನಿಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ. ಬಿದ್ದರೆ ಮಾತ್ರ ಅವರವರ ಅಪ್ಪಂದಿರ ಮಕ್ಕಳು. ಅಪ್ಪನೂ ಇಲ್ಲದವನು ಬಿದ್ದರೆ ಯಾರ ಮಗ, ಮಾನ್ಯರೇ? ಅಂಥವನಿಗೆ ಒಬ್ಬ ಅಕ್ಕನಾದರೂ ಇರಬಹುದು ಎಂಬುದು ನಿಮ್ಮ ಇಡೀ ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನಾನು ಪದಕ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಅವನ ಕೈಬರಹದ ಒಂದು ಸಾಲು ಕಳಿಸಿ. ಬರೆಯಲಾರದ ಸ್ಥಿತಿಯಲ್ಲಿದ್ದರೆ ಹಾಗೆಂದು ನೀವೇ ಬರೆಯಿರಿ. ಯಾವ ಆಸ್ಪತ್ರೆಯೆಂದೂ ಬರೆಯಿರಿ. ಮಗುವನ್ನು ಎತ್ತಿಕೊಂಡು ರೈಲು ಹತ್ತುತ್ತೇನೆ. ಅದಕ್ಕೂ ನಿಯಮ ಅಡ್ಡ ಬಂದರೆ, ನಮ್ಮ ತಂದೆಯವರಿಗೆ ಯಾವ ವಿಳಾಸಕ್ಕೆ ತಿಳಿಸಿದಿರೋ ಅದನ್ನಾದರೂ ಕೊಡಿ. ಅವರನ್ನೇ ಕೇಳಿಕೊಳ್ಳುತ್ತೇನೆ. ಅವರಿಗೆ ಹೇಳುವುದೂ ಬಹಳ ಉಳಿದಿದೆ.

ಅಲ್ಲಿಯವರೆಗೆ ಇದೊಂದನ್ನು ಹೇಳಿಬಿಡಿ: ನನ್ನ ತಮ್ಮ ಆ ವಿಳಾಸದಲ್ಲಿ ಇಲ್ಲ ತಾನೆ?

ಇಂತಿ,
ನಿಮ್ಮ ನಿಯಮದಂತೆ 'ಇತರರು',
ರುದ್ರಮುನಿಯ ಅಕ್ಕ ಸರ್ವಮಂಗಳಾ, ಬಿ.ಎ.
ಎನ್.ಆರ್. ಕಾಲೋನಿ, ಬೆಂಗಳೂರು