ಮಲಗಿಸಿಟ್ಟ ಕುಪ್ಪಿಗಳು

೨೫ ಜೂನ್ ೧೯೭೮, ಬೆಳಿಗ್ಗೆ ೬

ಚಹಾ ತೆಳು. ಹಾಲಿಗೆ ನೀರು ಬೀಳುವುದು ದನದ ಹಟ್ಟಿಯಲ್ಲೋ ಅಡುಗೆಮನೆಯಲ್ಲೋ… ಒಂದು ದಿನ ಹಿಡಿಯುತ್ತೇನೆ.

ನಿನ್ನೆ ಪುತ್ತೂರಿನಲ್ಲಿ ಎರಡು ಅಂಗಡಿ ನೋಡಿದೆ. ವೈನ್ ರ್ಯಾಕ್ ಎಂದರೆ ಒಬ್ಬ ಚಪ್ಪಲಿ ಸ್ಟ್ಯಾಂಡ್ ತೋರಿಸಿದ. ಇನ್ನೊಬ್ಬ ಸೋಡಾ ಕ್ರೇಟ್. ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದವನ ಕ್ಯಾಂಟೀನ್ ರಮ್ಮು ಸೋಡಾ ಕ್ರೇಟಿನಲ್ಲೇ? ಕರ್ನಲ್ ಸಾಹೇಬರ ಬಂಗಲೆಯಲ್ಲಿ ಇದ್ದಂಥದ್ದೇ ಆಗಬೇಕು. ಹನ್ನೆರಡು ತೂತು. ಕುಪ್ಪಿಗಳು ಸಾಲಾಗಿ ಮಲಗಿರಬೇಕು, ತಲೆ ತುಸು ಕೆಳಗೆ. ಹಲಸಿನ ಹಲಗೆ ಮನೆಯಲ್ಲೇ ಉಂಟು. ಮಾಡಿಸುವುದೇ ಸೈ.

೨ ಜುಲೈ

ಮಹಾಗಣಪತಿ ಆಚಾರಿ ನನ್ನ ಚಿತ್ರ ನೋಡಿ ನಕ್ಕ. "ಕುಪ್ಪಿಯನ್ನು ಮಲಗಿಸುದಾ ಮಾರಾಯ್ರೆ? ನಿಂತರೆ ಅದಕ್ಕೆಂತ ಕಾಲು ನೋವಾ?"

ಮಿಲಿಟರಿ ಕ್ರಮ ಎಂದೆ. ಯಾಕೆ ಮಲಗಿಸುವುದೆಂದು ನನಗೂ ಗೊತ್ತಿಲ್ಲ. ಸಾಹೇಬರನ್ನು ಕೇಳಿದವನಲ್ಲ. ಅವನಿಗೆ ಅದನ್ನು ಹೇಳಲಿಲ್ಲ.

೯ ಜುಲೈ

ರ್ಯಾಕ್ ಬಂತು. ಎಲ್ಲಿ ಇಡುವುದೆಂದು ಬೆಳಿಗ್ಗೆಯಿಂದ ಜಗಳ. ಹೆಂಡತಿ ಪಂಕಜಾಕ್ಷಿ ಚಾವಡಿಯಲ್ಲಿ ಬೇಡವೆಂದಳು. "ಬಂದವರ ಕಣ್ಣಿಗೆ ಮೊದಲು ಅದೇ ಬೀಳುದು. ಮಲಗುವ ಕೋಣೆಯಲ್ಲಿ ಇಡಿ." ಅಲ್ಲಿಟ್ಟರೆ ಹಗಲಿಡೀ ಯಾರು ನೋಡುತ್ತಾರೆ? ಊಟದ ಕೋಣೆಗೆ ಎರಡು ಬಾಗಿಲು, ಅದೂ ಆಗದು. ಮೂರು ಕಡೆ ಇರಿಸಿ, ಮೂರು ಸಲವೂ ಈಸಿಚೇರಿನಲ್ಲಿ ಕೂತು ನೋಡಿದೆ. ಕೊನೆಗೆ ಚಾವಡಿಯ ಪಡುವಣ ಗೋಡೆ. ಕೂತಲ್ಲಿಂದಲೇ ಹನ್ನೊಂದು ಕುಪ್ಪಿಯೂ ಕಾಣುತ್ತದೆ.

ಅವಳು ಕೇಳಿದಳು, "ಒಟ್ಟು ಎಷ್ಟುಂಟು?"

ಇವಳಿಗೆ ಲೆಕ್ಕ ಯಾಕೆ?

೧೮ ಜುಲೈ

ಮೇಲಿನ ಸಾಲಿನ ಮೂರನೆಯದು — ಎರಡು ಬೆರಳು ಕಡಿಮೆ! ನಾನು ಕುಡಿದ ಎರಡು ಪೆಗ್ ಬಿಟ್ಟೇ ಈ ಲೆಕ್ಕ. ರ್ಯಾಕಿನ ಮರಕ್ಕೂ ರಮ್ಮಿನ ವಾಸನೆ. ಗಡಿಬಿಡಿಯಲ್ಲಿ ಬಗ್ಗಿಸುವಾಗ ಚೆಲ್ಲಿದ್ದಾರೆ.

ಮೊನ್ನೆ ನಾನು ಸುಳ್ಯಕ್ಕೆ ಹೋಗಿದ್ದೆ. ಅದೇ ದಿನ ಸಂಕಪ್ಪ ಬಂದಿದ್ದನಂತೆ. ಪಂಕಜಾಕ್ಷಿಯ ಅಣ್ಣ, ಇರುವ ಒಬ್ಬನೇ ಅಣ್ಣ. ತಿಂಗಳಿಗೊಮ್ಮೆ ಬೆಳ್ಳಾರೆಯಿಂದ ಕೈಚೀಲ ಹಿಡಿದು ಬರುತ್ತಾನೆ. ತಂಗಿಯ ಹತ್ತಿರ ಅಡುಗೆಮನೆಯಲ್ಲಿ ಪಿಸಿಪಿಸಿ. ಸಂಜೆಯಾಗುವಾಗ ಹೊರಟುಬಿಡುತ್ತಾನೆ. ಚೀಲದಲ್ಲಿ ಎಂತ ಉಂಟು? ಇಷ್ಟು ವರ್ಷ ಕೇಳದೆ ತಪ್ಪು ಮಾಡಿದೆ.

ಎಲ್ಲ ಕುಪ್ಪಿಗೂ ಔಷಧದ ಕುಪ್ಪಿಯಂತೆ ಕಾಗದದ ಪಟ್ಟಿ ಅಂಟಿಸಿ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ. ಮೂರನೆಯದನ್ನು ಖಾಲಿ ಮಾಡಿದೆ. ಇನ್ನು ಎಲ್ಲವೂ ಸೀಲಿನದ್ದು, ಕಳ್ಳ ಸಿಗುವವರೆಗೆ ನಾನೂ ತೆರೆಯುವುದಿಲ್ಲ.

೬ ಆಗಸ್ಟ್

ಸಂಕಪ್ಪ ಬಾಳೆಗೊನೆ ಹಿಡಿದು ಬಂದ. ನೇರವಾಗಿ ಹೇಳಿದೆ, "ಬಾಯಾರಿದರೆ ಕೇಳಿ ಕುಡಿಯಬಹುದು ಭಾವ."

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ರ್ಯಾಕ್ ಕಡೆ ನೋಡಿದ.

"ಈ ಮನೆಯಲ್ಲಿ ನಾನು ಮಜ್ಜಿಗೆ ಬಿಟ್ಟು ಬೇರೆ ಎಂತಾದ್ರೂ ಕುಡಿದದ್ದುಂಟಾ ಭಾವ?"

"ಕುಪ್ಪಿ ಸುಳ್ಳು ಹೇಳುದಿಲ್ಲ," ಎಂದೆ.

ಗೊನೆಯನ್ನು ಜಗಲಿಯಲ್ಲಿಟ್ಟು ಹೋದ. ನೀರೂ ಮುಟ್ಟಲಿಲ್ಲ. ಬಾಗಿಲ ಹಿಂದೆ ಪಂಕಜಾಕ್ಷಿ ನಿಂತಿದ್ದಳು. ರಾತ್ರಿ ಅನ್ನ ಬಡಿಸಿ ಒಳಗೆ ಹೋದಳು. ಆಗಲಿ. ಕಳ್ಳನನ್ನು ಕಳ್ಳ ಎನ್ನದೆ ಮತ್ತೆಂತ ಹೇಳುವುದು?

೧೮ ಆಗಸ್ಟ್

ಕೆಳಸಾಲಿನ ಕೊನೆಯದರ ಸೀಲು ಒಡೆದಿದೆ! ಗೆರೆಯಿಂದ ಒಂದು ಇಂಚು ಕೆಳಗೆ. ಸಂಕಪ್ಪ ಇತ್ತ ಕಾಲಿಟ್ಟಿಲ್ಲ. ಹಾಗಾದರೆ…

೧೯ ಸೆಪ್ಟೆಂಬರ್

ಅದೇ ಕುಪ್ಪಿ. ಇನ್ನೊಂದು ಇಂಚು. ಗುಡಿಸಲು ಬರುವ ಚೆನ್ನುವನ್ನು ಕರೆದು "ಹಾ" ಎನ್ನು ಎಂದೆ. "ನನ್ನ ಬಾಯಲ್ಲಿ ಎಲೆಅಡಿಕೆ ಅಲ್ಲದೆ ಎಂತ ಉಂಟು ಧನಿ?" ಎಂದು ಹಿಡಿಸೂಡಿ ಬಿಸಾಡಿ ಹೋದಳು. ಈಗ ಅಂಗಳ ಗುಡಿಸುವುದೂ ಪಂಕಜಾಕ್ಷಿಯೇ. ನನ್ನ ಮುಖ ನೋಡುವುದಿಲ್ಲ.

೨೦ ಅಕ್ಟೋಬರ್

ಮತ್ತೆ ಒಂದು ಇಂಚು. ಥೂ! ಪಾಕಿಸ್ತಾನದ ಬಾರ್ಡರ್ ಕಾದವನಿಗೆ ಒಂದು ಗೋಡೆ ಕಾಯಲಾಗುವುದಿಲ್ಲವೇ?

ಇನ್ನು ಕೊರಗಜ್ಜನೇ ಗತಿ. ಶೇಂದಿ, ವೀಳ್ಯ, ಚಕ್ಕುಲಿ ಕೊಟ್ಟರೆ ಕಳೆದುಹೋದದ್ದನ್ನು ಹುಡುಕಿಕೊಡುವ ದೈವ ಅವನು. ಕೈಮುಗಿದು ಹೇಳಿಕೊಂಡೆ — ಕಳ್ಳನನ್ನು ತೋರಿಸು ಅಜ್ಜ, ನಿನ್ನ ಕಟ್ಟೆಗೆ ಪೂರ್ತಿ ಒಂದು ಕುಪ್ಪಿ ತಂದಿಡುತ್ತೇನೆ.

೨ ನವೆಂಬರ್

ದೀಪಾವಳಿ ಮುಗಿಯಿತು. ಸಂಕಪ್ಪ ಬರಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು. ಪಂಕಜಾಕ್ಷಿ ದೋಸೆ ಹೊಯ್ದು ಒಂದು ಪಾಲು ಎತ್ತಿಟ್ಟಿದ್ದಳು. ಸಂಜೆ ಅದನ್ನು ದನಕ್ಕೆ ಹಾಕಿದಳು.

೧೬ ನವೆಂಬರ್, ಸಂಜೆ ೭

ಚಪ್ಪಲಿಯನ್ನೂ ಕಳಚಿಲ್ಲ. ಬರೆದುಬಿಡುತ್ತೇನೆ.

ಅಜ್ಜನಿಗೆ ಹರಕೆ ನೆನಪು ಮಾಡಿ ಬರೋಣವೆಂದು ಕಟ್ಟೆ ಕಡೆ ಹೊರಟೆ. ಕಟ್ಟೆಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗ ದಾರಿಬದಿಯ ಕಲ್ಲಿನ ಮೇಲೆ ಒಂದು ವೀಳ್ಯ, ಎರಡು ಚಕ್ಕುಲಿ. ಪಕ್ಕದಲ್ಲಿ ತಲೆಗೆ ಹಾಕುವ ಎಣ್ಣೆಯ ಸಣ್ಣ ಕುಪ್ಪಿ. ನಮ್ಮ ಮನೆಯದ್ದೇ. ಮುಚ್ಚಳ ತೆಗೆದು ಮೂಸಿದೆ. ನನ್ನ ರಮ್ಮು.

ಸಿಕ್ಕಿತು ಎಂದುಕೊಂಡೆ. ಆದರೆ ಕಟ್ಟೆಯ ಮೇಲಿಡದೆ ಇಲ್ಲಿ ಯಾಕೆ ಇಟ್ಟರು? ನಿಂತು ಯೋಚಿಸಿದ ಮೇಲೆ ಹೊಳೆಯಿತು. ಹೆಂಗಸರು ಆ ಕಟ್ಟೆಯ ಹತ್ತಿರ ಹೋಗುವ ಕ್ರಮವಿಲ್ಲ. ತಂದವಳು ಇಲ್ಲಿಯವರೆಗೆ ಬಂದು ನಿಂತಿದ್ದಾಳೆ.

೧೭ ನವೆಂಬರ್

ಬೆಳಿಗ್ಗೆ ಎಣ್ಣೆ ಕುಪ್ಪಿಯನ್ನು ಅವಳ ಮುಂದೆ ಇಟ್ಟೆ. ಹೆದರಲಿಲ್ಲ. ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಎಪ್ಪತ್ತೊಂದರ ಯುದ್ಧದಲ್ಲಿ ನಲವತ್ತು ದಿನ ನಿಮ್ಮ ಕಾಗದ ಇರ್ಲಿಲ್ಲ. ಜೀವಸಹಿತ ಬಂದರೆ, ನೀವು ಇರುವಷ್ಟು ಕಾಲ ಪ್ರತಿ ತಿಂಗಳ ಸಂಕ್ರಮಣಕ್ಕೆ ಅಜ್ಜನಿಗೆ ಕೊಡ್ತೇನೆ ಅಂತ ಹೇಳಿಕೊಂಡೆ. ನಾನು ಕಟ್ಟೆಗೆ ಹೋಗುವ ಹಾಗಿಲ್ಲ. ಅಣ್ಣ ಚೀಲದಲ್ಲಿ ಶೇಂದಿ ತಂದು, ಸಂಜೆ ಹೋಗಿ ಇಟ್ಟು ಬರ್ತಿದ್ದ. ಏಳು ವರ್ಷ. ಅವನನ್ನು ನೀವು ಕಳ್ಳ ಅಂದ್ರಿ. ಮತ್ತೆ ನಾನೆಂತ ಮಾಡುದು? ಶೇಂದಿ ಗಡಂಗಿನ ಮುಂದೆ ಹೋಗಿ ನಿಲ್ಲಲಾ? ನಿಮ್ಮ ಕುಪ್ಪಿಯದ್ದನ್ನೇ ನಿಮ್ಮ ಜೀವಕ್ಕೆ ಕೊಟ್ಟೆ."

"ಹಾಗಾದರೆ ಜುಲೈಯದ್ದು?"

"ಅದು ನಾನಲ್ಲ. ಅಣ್ಣನೂ ಅಲ್ಲ."

ಚಾವಡಿಗೆ ಬಂದು ರ್ಯಾಕ್ ಖಾಲಿ ಮಾಡಿದೆ. ಮೇಲಿನ ಸಾಲಿನ ಮೂರನೆಯ ತೂತು. ಮುಚ್ಚಳ ಬರುವಲ್ಲಿ ಮರ ಕಪ್ಪಾಗಿದೆ, ಅಂಟು ಅಂಟು; ಕೆಳಸಾಲಿನ ಕೊನೆಯದರಲ್ಲೂ ತುಸು. ತಿರುಪಿನ ಮುಚ್ಚಳದ ಕುಪ್ಪಿಯನ್ನು ಒಮ್ಮೆ ತೆರೆದು, ತಲೆ ಕೆಳಗೆ ಮಾಡಿ ಮಲಗಿಸಿದರೆ ಸೋರದೆ ಇರುತ್ತದೆಯೇ? ಆಚಾರಿ ಕೇಳಿದಾಗಲೇ ಯೋಚಿಸಬೇಕಿತ್ತು. ನಾನೊಬ್ಬ ಗೂಬೆ. ಅಯ್ಯೋ ದೇವರೇ, ಸಂಕಪ್ಪನಿಗೆ ಎಂತೆಂತ ಹೇಳಿಬಿಟ್ಟೆ!

೧೦ ಡಿಸೆಂಬರ್

ಸಂಕಪ್ಪನ ಮುಂದೆ ಹೋಗಲು ಮೂರು ವಾರ ಧೈರ್ಯ ಬರಲಿಲ್ಲ. ಈ ಸಲ ನಾನೇ ಕಟ್ಟೆಗೆ ಕೊಂಡುಹೋಗುತ್ತೇನೆ ಎಂದೆ. ಪಂಕಜಾಕ್ಷಿ ಒಪ್ಪಲಿಲ್ಲ. "ನಿಮ್ಮ ಜೀವಕ್ಕೆ ಹೇಳಿದ್ದನ್ನು ನೀವೇ ಕೊಂಡುಹೋಗುದಾ? ಅಜ್ಜನಿಗೆ ಅಣ್ಣನ ಕೈಯದ್ದು ಅಭ್ಯಾಸ." ಎಣ್ಣೆ ಕುಪ್ಪಿಯ ದಿನ ಬಿಟ್ಟರೆ ನಾಲ್ಕು ತಿಂಗಳಲ್ಲಿ ಇಷ್ಟು ಮಾತಾಡಿದ್ದು ಇದೇ.

ಇವತ್ತು ಬೆಳ್ಳಾರೆಗೆ ಹೋದೆ. ಸಂಕಪ್ಪ ಕೂರಲು ಹೇಳಿದ, ಮಜ್ಜಿಗೆ ಕೊಟ್ಟ. ಲೋಟ ಕೆಳಗಿಟ್ಟೆ. "ತಪ್ಪಾಯ್ತು ಭಾವ. ಸಂಕ್ರಮಣಕ್ಕೆ ಬಾ," ಎಂದೆ. "ನೋಡುವ," ಎಂದ.

೧೬ ಡಿಸೆಂಬರ್, ಸಂಜೆ ೫

ರ್ಯಾಕಿನಲ್ಲಿ ಈಗ ಹಳೇ ಪೇಪರ್ ಸುರುಳಿ. ಕುಪ್ಪಿಗಳು ಕಪಾಟಿನಲ್ಲಿ ನಿಂತಿವೆ. ಅಜ್ಜನಿಗೆ ಹೇಳಿದ ಪೂರ್ತಿ ಕುಪ್ಪಿ ಜಗಲಿಯಲ್ಲುಂಟು — ಕಳ್ಳನನ್ನು ತೋರಿಸಿದ್ದಾನಲ್ಲ. ಪಕ್ಕದಲ್ಲಿ ಪಂಕಜಾಕ್ಷಿಯ ವೀಳ್ಯ, ಚಕ್ಕುಲಿ. ಈಸಿಚೇರನ್ನು ಗೇಟಿನ ಕಡೆ ತಿರುಗಿಸಿ ಕೂತಿದ್ದೇನೆ. ಅವಳು ನಾಲ್ಕು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಬೆಳ್ಳಾರೆ ಬಸ್ಸು ಹೋಗಿ ಅರ್ಧ ಗಂಟೆಯಾಯಿತು. ಬರುವುದಿಲ್ಲವೋ ಏನೋ. ನಾನಾಗಿದ್ದರೆ ಬರುತ್ತಿರಲಿಲ್ಲ.

ಯಾರೋ ಬರುತ್ತಿದ್ದಾರೆ. ಕೈಯಲ್ಲಿ ಚೀಲ. ಅವನೇ.

ಗೇಟಿನ ಹೊರಗೆ ನಿಂತ. ಒಳಗೆ ಬರುತ್ತಿಲ್ಲ. ಇಲ್ಲಿಂದ ಮೂವತ್ತು ಹೆಜ್ಜೆ ಇರಬಹುದು. ನಾನೇ ಎದ್ದು ಹೋಗುತ್ತೇನೆ.