ಗಂಟಿಲ್ಲದ ಕುಂಚಿಗೆ

ಕ್ರಿ.ಶ. ೨೧೯೧, ಎರಡನೆಯ ವೈಶಾಖದ ಮೂವತ್ತನಾಲ್ಕನೆಯ ದಿನ
ಧಾರವಾಡ ಸೀಮೆ

ತಾಯಿ ನೀಲಗಂಗವ್ವನವರಿಗೆ ನಿಮ್ಮ ವಂಶದ ಏಳನೆಯ ತಲೆಯ ಹೆಣ್ಣುಮಗಳು ಮಹಾಂತವ್ವ ಮಾಡುವ ಶರಣು.

ಮೇಲಿನ ತಾರೀಖು ಕಂಡು ಹುಬ್ಬೇರಿಸಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮ ಪಂಚಾಂಗದವರು ವೈಶಾಖವನ್ನು ಎರಡು ಮಾಡಿ, ಎರಡನೆಯದಕ್ಕೆ ಬೇಕಾದಷ್ಟು ದಿನ ಜೋಡಿಸಿದ್ದಾರೆ. ನನ್ನ ಮಾತು ಕೂಡ ಕಲ್ಲು ಆರಿಸದ ಅಕ್ಕಿಯ ಅನ್ನದಂತೆ ಅಲ್ಲಲ್ಲಿ ನಿಮ್ಮ ಹಲ್ಲಿಗೆ ಸಿಕ್ಕೀತು, ಕ್ಷಮಿಸಿ. ನಿಮ್ಮ ಕೈಯಲ್ಲಿರುವುದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಕಳುಹಿಸುವ ಓಲೆ. ಕೆಲಸದಿಂದ ಬಿಡುಗಡೆಯಾಗುವ ದಿನ, ನಿಮ್ಮ ಕಸೂತಿ ಕೇಂದ್ರವೇ ಬೆಳೆದು ಆದ ಕಂಪನಿಯವರು ಶಾಲು ಹೊದಿಸಿ, ಕೈಗೆ ಹಣ್ಣಿಟ್ಟು, ಇಂಥದೊಂದನ್ನು ಬರೆಯುವ ಹಕ್ಕು ಕೊಡುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಹೆಚ್ಚಿನವರು ಹಣ್ಣು ತಿಂದು, ಶಾಲು ಮಡಚಿಟ್ಟು, ಓಲೆಯನ್ನು ಮರೆಯುತ್ತಾರೆ. ನಾನು ಮರೆಯಲಿಲ್ಲ, ಏಕೆಂದರೆ ಇದು ಯಾವ ದಿನ ತಲುಪಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ನಾಳೆ ಬೆಳಗ್ಗೆ ನೀವು ನಿಮ್ಮ ಕಸೂತಿ ಕೇಂದ್ರದ ನಡುವೆ ಒಂದು ಗೋಡೆ ಎಬ್ಬಿಸಲಿದ್ದೀರಿ.

ಏಕೆ ಎಬ್ಬಿಸಿದಿರಿ ಎಂಬುದನ್ನು ನಮಗೆ ಶಾಲೆಯಲ್ಲೇ ಹೇಳಿಕೊಡುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಹೋಗಬೇಕು, ಒಮ್ಮೆ ಬರಬೇಕು. ಹೋಗುವಾಗ ಬಟ್ಟೆಯ ಎಳೆ ಎಣಿಸಿ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುವುದು, ಬರುವಾಗ ಆ ಖಾಲಿಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುವುದು. ಆಗ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ, ಎಲ್ಲಿಯೂ ಗಂಟಿಲ್ಲ. ನವಿಲಿನ ಕೊರಳಿನಿಂದ ಗರಿಗೆ ಇಳಿಯುವಾಗ ಯಾವ ಕವಲು ಮೊದಲು ಹಿಡಿಯಬೇಕು, ಯಾವುದನ್ನು ತಿರುಗಿ ಬರುವ ಹೊತ್ತಿಗೆ ಉಳಿಸಬೇಕು ಎಂಬುದು ತಲೆಯಲ್ಲಿ ಕೂರಲು ವರ್ಷಗಳೇ ಬೇಕು. ನಿಮ್ಮ ಬಳಿ ಬಂದ ಹೆಂಗಸರಿಗೆ ಅಷ್ಟು ಕಾಲ ಕಾಯುವ ಅನುಕೂಲ ಎಲ್ಲಿತ್ತು? ಮನೆಯಲ್ಲಿ ಒಲೆ ಉರಿಯಬೇಕಿತ್ತು. ಹೊರಗಿನಿಂದ ಬೇಡಿಕೆ ಬರುತ್ತಿತ್ತು, ಹೊಲಿಯುವ ಕೈ ಸಾಲದಾಗಿತ್ತು. ಆದ್ದರಿಂದ ಒಂದು ಕೋಣೆಯವರು ಹೋಗುವುದನ್ನಷ್ಟೇ ಕಲಿಯಲಿ, ಇನ್ನೊಂದು ಕೋಣೆಯವರು ಬರುವುದನ್ನಷ್ಟೇ ಕಲಿಯಲಿ, ನಡುವಿನ ಕಿಟಕಿಯಿಂದ ಬಟ್ಟೆ ದಾಟಲಿ ಎಂದು ತೀರ್ಮಾನಿಸಿದಿರಿ. “ಅರ್ಧಾ ಕಲ್ತರೂ ಪೂರಾ ಉಂಡಾಳು” ಎಂದು ನೀವು ಆ ದಿನ ಆಡಿದ ಮಾತನ್ನು ನಮ್ಮ ಕಂಪನಿಯ ಹೆಬ್ಬಾಗಿಲಿನ ಮೇಲೆ ಕೆತ್ತಿದ್ದಾರೆ.

ಅದೇನೂ ಸುಳ್ಳಾಗಲಿಲ್ಲ. ಉಂಡ ಮನೆಯ ಜಂತೆ ಎಣಿಸುವ ಬುದ್ಧಿ ನನಗಿಲ್ಲ. ಬಿಡುವಿನ ವೇಳೆಯ ಕೆಲಸವಾಗಿದ್ದ ಕಸೂತಿ ನಿಮ್ಮಿಂದಾಗಿ ಕಾಯಂ ನೌಕರಿಯಾಯಿತು. ಹೋಗುವವರು ಕೂರುವ ಜಾಗ ಹೋಗುಮನೆ, ಬರುವವರದ್ದು ಬರುಮನೆ. ಅವುಗಳಲ್ಲಿ ಬಡ್ತಿ, ಹೆರಿಗೆ ರಜೆ, ಮುಪ್ಪಿನ ಕಾಲಕ್ಕೆ ತಂಪುಮನೆ ಎಲ್ಲವೂ ಇದ್ದವು. ತಂಪುಮನೆಯೆಂದರೆ ಬಿಸಿಲು ತಡೆಯಲಾರದ ಮುದುಕರನ್ನು ನೆಲದಡಿಯಲ್ಲಿ ಇರಿಸುವ ವಠಾರ. ಮೇಲಿರುವ ನಮಗೆ ಬಿಸಿಲಿಳಿದು ನೆರಳುಗಂಟೆ ಬಾರಿಸಿದಾಗ ಮಾತ್ರ ಬೀದಿಗಿಳಿಯಲು ಅಪ್ಪಣೆ. ಮಂಜುಬಲೆಯಲ್ಲಿ ಹಿಡಿದ ನೀರು, ಗಾಜಿನ ಮನೆಯ ಜೋಳ. ಆ ಹಿಟ್ಟಿಗೆ ಜಿಗುಟೇ ಇಲ್ಲ, ರೊಟ್ಟಿ ಬಡಿದರೆ ಹಪ್ಪಳದಂತೆ ಒಡೆಯುತ್ತದೆ. ಆದರೂ ಊರಿನ ಬೇರೆ ಮನೆಗಳಲ್ಲಿ ಅದೂ ಇಲ್ಲದ ದಿನ ನಮ್ಮ ಮನೆಯಲ್ಲಿ ಇರುತ್ತಿತ್ತು, ಅವ್ವ ಬರುವಾಕಿ ಆಗಿದ್ದಳೆಂಬ ಕಾರಣಕ್ಕೆ. ಅವಳ ಹಿಂದೆ ನಾನೂ ಬರುವಾಕಿಯಾದೆ. ಯಾರೋ ಬಿಟ್ಟ ಖಾಲಿಗಳನ್ನು ತುಂಬುತ್ತ ತಲೆ ನರೆಯಿತು.

ಕೆಟ್ಟದ್ದು ಕಾನೂನಿನ ಮೂಲಕ ಬಂತು. ಬಟ್ಟೆ ಕೈಯಿಂದಲೇ ಆದದ್ದು ಎಂದು ತೋರಿಸಲು ನಮ್ಮಲ್ಲಿ ಬೆವರುಮುದ್ರೆ ಇದೆ. ದಾರಕ್ಕೆ ಹತ್ತಿದ ಬೆವರನ್ನು ಪರೀಕ್ಷಿಸಿ ಹಾಕುವ ಮುದ್ರೆ ಅದು. ಕೊನೆಯ ದಾರ ಮನುಷ್ಯರದ್ದಾಗಿದ್ದರೆ ಸಾಕು, ಇಡೀ ಬಟ್ಟೆ ಕೈಕೆಲಸವೇ ಎಂದು ಒಂದು ವರ್ಷ ತೀರ್ಪಾಯಿತು. ಕಂಪನಿಯವರು ಮೀನ-ಮೇಷ ಎಣಿಸಲಿಲ್ಲ. ಹೋಗುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಹೋಗುಮನೆಗೆ ಬೀಗ ಹಾಕಿದರು. ಬರುಮನೆಯ ನಾವು ಬದುಕಿದೆವೆಂದು ಸಕ್ಕರೆ ಹಂಚಿಕೊಂಡೆವು. ಈಗ ಬೆವರನ್ನೂ ಯಂತ್ರವೇ ಸುರಿಸುತ್ತದೆ, ಆದ್ದರಿಂದ ನಮಗೂ ಶಾಲು ಹೊದಿಸಿದರು. ನಿಮ್ಮ ಹೆಸರಿನ ಸಂಸ್ಥೆಯಲ್ಲಿ ಈಗ ಸೂಜಿ ಹಿಡಿದ ಹೆಂಗಸು ಒಬ್ಬಳೂ ಇಲ್ಲ.

ಇದಕ್ಕಾಗಿ ನಾನು ಅಳುತ್ತಿಲ್ಲ. ನನ್ನ ಸಂಕಟ ಇಷ್ಟೇ ಚಿಕ್ಕದು. ನನ್ನ ಮಗಳು ತಾರಿಣಿ ಬಸುರಿಯಾಗಿದ್ದಳು, ಚೊಚ್ಚಲು. ನಮ್ಮ ಮನೆತನದಲ್ಲಿ ಚೊಚ್ಚಲ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನು ಅಜ್ಜಿಯೇ ಹೊಲಿಯಬೇಕು, ಅದರ ನೆತ್ತಿಯ ಮೇಲೆ ಹಿಂದಿರುಗಿ ನೋಡುವ ನವಿಲು ಇರಬೇಕು ಎಂಬುದು ನಿಮ್ಮಿಂದಲೇ ಬಂದ ಪದ್ಧತಿ. ಕುಂಚಿಗೆಗೆ ಒಳಪದರ ಇರುವುದಿಲ್ಲ, ಬಟ್ಟೆಯ ಹಿಂಬದಿ ನೇರ ಕೂಸಿನ ಮೆತ್ತನೆಯ ನೆತ್ತಿಗೆ ತಾಗುತ್ತದೆ. ಅದಕ್ಕೇ ಅಲ್ಲವೇ ನೀವು ಗಂಟೆಂದರೆ ಸಿಡಿಮಿಡಿಗೊಳ್ಳುತ್ತಿದ್ದುದು. ಯಂತ್ರಕ್ಕೆ ಆ ನವಿಲು ಬರುವುದಿಲ್ಲ, ಮಾರಾಟವಾಗದ ಚಿತ್ತಾರವನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಒಂದು ಕೂಸಿಗಾಗಿ ಕಲಿಸಿರೆಂದು ಕೇಳಿದ್ದಕ್ಕೆ ಕಂಪನಿಯವರು ನಕ್ಕರು. ಹೋಗುಮನೆ ಇದ್ದ ಕಾಲದಲ್ಲಿ ನನ್ನ ಅಜ್ಜಿ ಅಲ್ಲಿಯವರ ಕೈ ಸೇರಿಸಿ ಹೊಲಿದಿದ್ದ ನನ್ನದೇ ಹಳೆಯ ಕುಂಚಿಗೆ ಎದುರಿಗಿಟ್ಟುಕೊಂಡು ಕೂತೆ. ಆದರೆ ಹೊಲಿದು ಮುಗಿದ ನವಿಲಿನಲ್ಲಿ ಯಾವ ಹೊಲಿಗೆ ಮೊದಲಿನದು, ಯಾವುದು ಆಮೇಲಿನದು ಎಂದು ಹೇಗೆ ತಿಳಿಯಬೇಕು? ಎರಡೂ ಬದಿ ತಿರುಗಿಸಿ ನೋಡಿದೆ, ಎರಡೂ ಒಂದೇ.

ಹೋಗುಮನೆಯವರ ಪೈಕಿ ಉಳಿದಿದ್ದವಳು ಫಕೀರವ್ವ ಒಬ್ಬಳೇ. ತಂಪುಮನೆಗೆ ಹೋಗಿ ಅವಳ ಕಾಲು ಹಿಡಿದೆ. ಕಣ್ಣು ಮಬ್ಬಾಗಿದ್ದರೂ ಬೆರಳು ನೆಟ್ಟಗಿದ್ದವು. ಹಳೆಯ ಬಟ್ಟೆಯನ್ನು ಸವರಿ ಸವರಿ ನೋಡಿ, “ಈ ನವಲ ನನಗ ಬಾಯಿಪಾಠ ಇಲ್ಲವಾ. ನಮಗ ಹೇಳಿಕೊಟ್ಟಷ್ಟ ಹಾದಿ ಹಿಡಿತಿದ್ವಿ, ಕಿಟಕ್ಯಾಗ ನಿಮ್ಮ ಕಡೆ ಕೊಡತಿದ್ವಿ. ಆಮ್ಯಾಲ ಅದು ಹೆಂಗ ಮುಗೀತು ಅಂತ ನಾ ಒಂದಿನಾನೂ ನೋಡಿಲ್ಲ” ಎಂದಳು. ಆದರೂ ಕೂತೆವು. ಅವಳು ಹೋದಳು, ನಾನು ಬಂದೆ. ಎಷ್ಟು ಸಲ ಬಿಚ್ಚಿದೆವೋ, ಬಟ್ಟೆ ಜರಡಿಯಾಯಿತು. ಪ್ರತಿ ಸಲವೂ ಕೊರಳ ಹತ್ತಿರ ಬಂದಾಗ ಅತ್ತ ದರಿ ಇತ್ತ ಪುಲಿ. ಜುಟ್ಟಿನಲ್ಲಿ ಖಾಲಿ ಉಳಿಯುತ್ತಿತ್ತು, ಅಲ್ಲಿಗೆ ಸೂಜಿಗೆ ದಾರಿಯೇ ಇರಲಿಲ್ಲ. ಒಬ್ಬಳಿಗೆ ಹೋಗುವುದು ಪೂರಾ ಬರುತ್ತಿತ್ತು, ಇನ್ನೊಬ್ಬಳಿಗೆ ಬರುವುದು ಪೂರಾ ಬರುತ್ತಿತ್ತು, ಇಬ್ಬರೂ ಕೂಡಿ ಒಂದು ನವಿಲು ಮಾಡಲಾಗಲಿಲ್ಲ. ಮೊದಲು ನಮಗೆ ನಗು ಬಂತು. ಆಮೇಲೆ ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಗಂಟ ಹಾಕಿಬಿಡವಾ, ಕೂಸಿಗೇನ ತಿಳೀತೈತಿ” ಎಂದಳು. ಹಾಕಿದೆ.

ಕೂಸಿಗೆ ತಿಳಿಯಿತು. ಕುಂಚಿಗೆ ಕಟ್ಟಿದ್ದೇ ತಡ, ಕಿರುಚಿ ಕಿರುಚಿ ಕೆಂಪಾಯಿತು. ಬಿಚ್ಚಿ ನೋಡಿದರೆ ನೆತ್ತಿಯ ಮೇಲೆ ಗಂಟಿನ ಗುರುತು. “ಬಿಡವ್ವಾ, ಒತ್ತತೈತಿ. ಕಂಪನೀದು ಹಾಕತೀನಿ” ಎಂದು ತಾರಿಣಿ ಮೆಲ್ಲಗೆ ಹೇಳಿದಳು. ಯಂತ್ರದ ಕುಂಚಿಗೆಯಲ್ಲಿ ಕೂಸು ಹಾಯಾಗಿ ಮಲಗಿತು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯದು. ನಿಮ್ಮ ಮೇಲೆ ಎಂದು ಕೆಲವು ದಿನ ಅನ್ನಿಸಿದೆ, ಮುಚ್ಚುಮರೆ ಏಕೆ.

ಗೋಡೆ ಕಟ್ಟಬೇಡಿ ಎಂದು ನಾನು ಹೇಗೆ ಕೇಳಲಿ? ಕಟ್ಟದಿದ್ದರೆ ಆ ಹೆಂಗಸರು ಉಪವಾಸ ಬೀಳುತ್ತಿದ್ದರು, ನಮ್ಮ ಮನೆಯಲ್ಲೂ ಒಲೆ ಆರುತ್ತಿತ್ತು. ಕಟ್ಟಿರಿ. ನಿಮ್ಮ ಮಗಳು ಗಿರಿಜವ್ವನನ್ನು ಮಾತ್ರ ಎರಡು ಕೋಣೆಗಳಲ್ಲಿ ಯಾವುದಕ್ಕೂ ಕಳುಹಿಸಬೇಡಿ. ನಿಮ್ಮ ಮಗ್ಗುಲಲ್ಲಿ ಕೂರಿಸಿಕೊಂಡು, ಆ ನವಿಲನ್ನು ಒಂದೇ ಸೂಜಿಯಲ್ಲಿ ಹೋಗಲಿಕ್ಕೂ ಬರಲಿಕ್ಕೂ ಕಲಿಸಿರಿ. ವ್ಯಾಪಾರಕ್ಕೆ ಅದರಿಂದ ಕಾಸಿನ ಲಾಭವಿಲ್ಲ, ತಿಳಿದೇ ಕೇಳುತ್ತಿದ್ದೇನೆ.

ನಮಗೆ ಕಲಿಸಿದ ಪಾಠದಲ್ಲಿ ಗಿರಿಜವ್ವ ಬರುಮನೆಯ ಮೊದಲ ಮೇಲ್ವಿಚಾರಕಿ ಎಂದಿದೆ. ಈ ಓಲೆ ನಿಮಗೆ ತಲುಪುವುದು ನಿಮ್ಮ ಕಾಲದಲ್ಲಿ, ಅದು ನನಗೆ ಎಂದೋ ಆಗಿಹೋದ ಕಾಲ. ನೀವು ನನ್ನ ಮಾತು ಕೇಳಿ ಕಲಿಸಿದ್ದರೆ ಗಿರಿಜವ್ವ ತನ್ನ ಮಗಳಿಗೆ ಕಲಿಸುತ್ತಿದ್ದಳು, ಅವಳು ತನ್ನ ಮಗಳಿಗೆ, ಈ ಹೊತ್ತಿಗೆ ನನ್ನ ಬೆರಳಿಗೂ ಅದು ಬಂದಿರಬೇಕಿತ್ತು. ಆದ್ದರಿಂದ ಇಷ್ಟು ಬರೆದ ಮೇಲೆ ಓಲೆಯನ್ನು ಬದಿಗಿಟ್ಟು, ಹೊಸ ಬಟ್ಟೆಯ ಮೇಲೆ ನವಿಲಿನ ಕೊರಳಿನವರೆಗೆ ಹೊಲಿದು ನೋಡಿದೆ. ಅಲ್ಲಿಂದ ಎತ್ತ ಹೋಗಬೇಕೋ ತಿಳಿಯಲಿಲ್ಲ.

ಶರಣು, ತಾಯಿ.

ಮಹಾಂತವ್ವ