ಕಮಲಾಪುರದ ಶಾಲೆಯಲ್ಲಿ ಚೀನಾದ ಕಡಬು

ಶಹಾಬಜಾರ, ಕಲಬುರಗಿ
೮ ಡಿಸೆಂಬರ್ ೨೦೨೪

ಪ್ರೀತಿಯ ಭಾಯಿಜಾನ್,

ಅಸ್ಸಲಾಮು ಅಲೈಕುಂ. ಚೀನಾದ ಊಟದ ಬಗ್ಗೆ ನೀವು ಬರೆದ ಐದು ಹಾಳೆಯ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀರಿ, ಬೈಯಿರಿ. ಆ ಹಾಳೆಗಳಿಂದ ಏನಾಗುತ್ತದೋ ನೋಡಿಯೇ ಬರೆಯೋಣವೆಂದು ತಡೆದಿದ್ದೆ. ಅಮ್ಮಿ ಆರಾಮಾಗಿದ್ದಾರೆ, ಚಳಿಗೆ ಮೊಣಕಾಲು ತುಸು ನೋಯುತ್ತದೆ. ಹೈದರಾಬಾದಿನ ಹೋಟೆಲಿನವರು ನಿಮ್ಮನ್ನು ಅಡುಗೆಮನೆಯಿಂದ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೋ ಇಲ್ಲವೋ ಕೇಳು ಎಂದು ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ.

ನಾನು ಅತಿಥಿ ಶಿಕ್ಷಕಿಯಾಗಿರುವ ಕಮಲಾಪುರದ ಶಾಲೆಯ ಕಥೆ ನಿಮಗೆ ಅರ್ಧ ಗೊತ್ತು. ಎರಡನೆಯ ತರಗತಿಯ ಮಲ್ಲು, ಚೀನಾದವರು ಮೂರು ಹೊತ್ತೂ ಗೋಬಿ ಮಂಚೂರಿ ತಿನ್ನುತ್ತಾರೆ ಎಂದಿದ್ದಕ್ಕೇ ತಾನೇ ನಾನು ನಿಮ್ಮನ್ನು ಕೇಳಿದ್ದು. ಅದು ನಮ್ಮ ದೇಶದಲ್ಲೇ ಹುಟ್ಟಿದ ತಿನಿಸೆಂದು ನಿಮ್ಮ ಹಾಳೆ ಓದಿ ಹೇಳಿದೆ. ಮಲ್ಲು ಎರಡು ದಿನ ನನ್ನೊಡನೆ ಮಾತು ಬಿಟ್ಟ.

ಚೀನಾದ ಉತ್ತರದವರು ಗೋಧಿ ಹೆಚ್ಚು ಉಣ್ಣುತ್ತಾರೆ, ದಕ್ಷಿಣದವರು ಅಕ್ಕಿ ಎಂದಾಗ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಅಲ್ಲಿನೂ ರೊಟ್ಟಿ ಮಂದಿ, ಅನ್ನದ ಮಂದಿ ಅಂತ ಅದಾರೇನ್ರಿ ಟೀಚರ್?"

ಸೃಷ್ಟಿ. ಜೂನ್‌ನಿಂದ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು.

ಆಮೇಲೆ ದಿನಾ ಅರ್ಧ ಗಂಟೆ ಚೀನಾ. ಝೋ ಅಂದರೆ ಗಂಜಿ, ತೋಫು ಅಂದರೆ ಸೋಯಾ ಹಾಲಿನ ಪನೀರು, ಬಾವೊಝಿ ಅಂದರೆ ಒಳಗೆ ಪಲ್ಯ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು. ಕಣಕ ಕಲಸಿ ನೂಡಲ್ಸ್ ಎಳೆದೆವು, ಒಂದೂ ತುಂಡಾಗದೆ ಉಳಿಯಲಿಲ್ಲ. ಜೋಳದ ದಂಟು ಸೀಳಿ ಚಾಪ್‌ಸ್ಟಿಕ್ ಮಾಡಿ ಶೇಂಗಾ ಎತ್ತುವ ಪಂದ್ಯ ಹೂಡಿದೆ. ಮಲ್ಲು ಹನ್ನೊಂದು ಎತ್ತಿದ, ಮಾತೂ ಮರಳಿತು.

ಹೋದ ವಾರ ಸೃಷ್ಟಿಯ ಅಜ್ಜ ಗುರುಲಿಂಗಪ್ಪನವರು ಬಾಗಿಲಿಗೆ ಬಂದು ನಿಂತರು. ಶಾಲಾ ಸಮಿತಿಯ ಅಧ್ಯಕ್ಷರು. "ಟೀಚರ್ರೀ, ನಮ್ಮ ಮಕ್ಕಳಿಗಿ ಕಪ್ಪಿ, ಹಾವು ತಿನ್ನೂದು ಕಲಸಾಕತ್ತೀರಂತಲ್ಲ?" ಎಂದರು. ಯಾರೋ ಊರಲ್ಲಿ ಹಾಗೆ ಹೇಳಿದ್ದರಂತೆ. ಅಲ್ಲಿಯೂ ಮಾಂಸ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ನಮ್ಮಲ್ಲಿ ಇರುವ ಹಾಗೆಯೇ ಎಂದೆ. ಅವರು ನೇರ ಮುಖ್ಯ ಗುರುಗಳ ಕೋಣೆಗೆ ಹೋದರು. ಅತಿಥಿ ಶಿಕ್ಷಕಿಯನ್ನು ಮನೆಗೆ ಕಳಿಸಲು ಒಂದು ದೂರು ಸಾಕು, ಭಾಯಿಜಾನ್. ಮುಖ್ಯ ಗುರುಗಳಾದ ವಿಮಲಾಬಾಯಿಯವರು, ಶನಿವಾರ ಪಾಲಕರೆದುರು ಎಲ್ಲವನ್ನೂ ಮಾಡಿ ತೋರಿಸು, ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು ಎಂದರು.

ನಿನ್ನೆ ಶನಿವಾರ. ಹಬೆಗೆ ಬೇಕೆಂದು ಅಮ್ಮಿಯ ಇಡ್ಲಿ ಪಾತ್ರೆ ಹೊತ್ತು ಬಸ್ಸು ಹತ್ತಿದೆ. ಬಿಸಿಯೂಟದ ಬಂಡೆಮ್ಮ ಒಲೆ ಬಿಟ್ಟುಕೊಟ್ಟು, ಗಜ್ಜರಿ, ಎಲೆಕೋಸು ಹೆಚ್ಚಿಯೂ ಕೊಟ್ಟರು, ಮಕ್ಕಳು ಕಣಕದೊಳಗೆ ತುಂಬಿದರು. ನಲವತ್ತು ಪಾಲಕರು ಬಂದಿದ್ದರು. ಗುರುಲಿಂಗಪ್ಪನವರು ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ನಾನು ಮಾತು ಶುರು ಮಾಡುವ ಮೊದಲೇ ಸೃಷ್ಟಿ ತಟ್ಟೆ ಹಿಡಿದು ನೇರ ಅವರ ಮುಂದೆ ಹೋಗಿ ನಿಂತಳು.

"ಮುತ್ಯಾ, ಇದಕ ಜಿಯಾವೋಝಿ ಅಂತಾರ. ನಮ್ಮ ಕಡಬು ಇದ್ದಂಗ ಅದ. ಒಳಗ ಗಜ್ಜರಿ, ಪತ್ತಾಗೋಬಿ ಅದ. ಕಪ್ಪಿ ಇಲ್ಲ. ನಾನೇ ತುಂಬೀನಿ."

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಚೀನಾದವರ ಹೊಸ ವರ್ಷದ ಹಬ್ಬದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಇದನ್ನು ಮಾಡುವುದು, ಉತ್ತರದ ಗೋಧಿ, ದಕ್ಷಿಣದ ಅಕ್ಕಿ, ಬೆಳಗಿನ ಗಂಜಿ, ಎಲ್ಲವನ್ನೂ ಗಟ್ಟಿ ದನಿಯಲ್ಲಿ ಹೇಳಿದಳು. ಅಜ್ಜ ತಟ್ಟೆ ನೋಡಲಿಲ್ಲ, ಮೊಮ್ಮಗಳ ಬಾಯಿಯನ್ನೇ ನೋಡುತ್ತಿದ್ದರು. ಒಂದು ಎತ್ತಿಕೊಂಡು ತಿಂದರು, ಇನ್ನೊಂದು ತಿಂದರು. ಆಮೇಲೆ ಎದ್ದು ವಿಮಲಾಬಾಯಿಯವರ ಕಡೆ ತಿರುಗಿ, "ಮನ್ಯಾಗೂ ಇಷ್ಟು ಮಾತಾಡಿಲ್ರಿ ಈ ಕೂಸು. ಈ ಟೀಚರ್‌ಗ ಬರೋ ವರ್ಷನೂ ಇಲ್ಲೇ ಇರಸ್ರಿ" ಎಂದರು.

ತಟ್ಟೆಗಳು ಖಾಲಿಯಾದವು. ಮಲ್ಲುವಿನ ತಾಯಿ ತೋಫು ಮಾಡುವುದು ಹೇಗೆಂದು ಬರೆಸಿಕೊಂಡು ಹೋದರು. ಹೊರಡುವಾಗ ಪಾಲಕರು ಆ ಊರಿನ ಒಂದು ಚಿಪ್ಪು ಕೆಂಪು ಬಾಳೆಹಣ್ಣು ನನ್ನ ಕೈಗಿಟ್ಟರು. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಅಮ್ಮಿ ದುವಾ ಹೇಳಿದ್ದಾರೆ. ಅಲ್ಲಾಹ್ ನಿಮ್ಮ ಕೈಗೆ ಇನ್ನಷ್ಟು ಬರಕತ್ ಕೊಡಲಿ.

ನಿಮ್ಮ ತಂಗಿ,
ಮದಿಹಾ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಡಿ.ಎಡ್. ಪರೀಕ್ಷೆಯ ದಿನ, ನೀವು ಚೈನೀಸ್ ಗಾಡಿ ಬಿಟ್ಟು ಎಣ್ಣೆ ಕಲೆಯ ಅಂಗಿಯಲ್ಲೇ ಓಡಿಬಂದು, ನಾನು ಮನೆಯಲ್ಲಿ ಮರೆತಿದ್ದ ಹಾಲ್ ಟಿಕೆಟ್ ಕೊಟ್ಟಿರಿ. ಯಾರು ಅವನು ಎಂದು ಗೆಳತಿಯರು ಕೇಳಿದಾಗ, ನಮ್ಮ ಓಣಿಯ ಗಾಡಿಯವನು ಎಂದೆ. ನಿಮಗೆ ಕೇಳಿಸಿತ್ತು. ಮರುತಿಂಗಳೇ ನೀವು ಊರು ಬಿಟ್ಟಿರಿ, ಆ ಮಾತು ಇವತ್ತಿಗೂ ಎತ್ತಿಲ್ಲ. ನಿನ್ನೆ ಪಾಲಕರೊಬ್ಬರು ಇಷ್ಟೆಲ್ಲ ಯಾರು ಕಲಿಸಿದರು ಎಂದು ಕೇಳಿದರು. ಮೈಕ್ ತೆಗೆದುಕೊಂಡೆ. ಶಹಾಬಜಾರದಲ್ಲಿ ಗಾಡಿ ಇಟ್ಟು ನನ್ನನ್ನು ಓದಿಸಿದವರು, ಹೆಸರು ಝಹೀರ್, ನನ್ನ ಸ್ವಂತ ಅಣ್ಣ ಎಂದೆ.